ಕೊನೆಯ ರೀಲು ನೋಡದ ಆಪರೇಟರ್

ಮನಸ್ಸಿಟ್ಟು ಕೇಳುವಾಗ ಅವರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಪ್ರೊಜೆಕ್ಟರ್ ಕೋಣೆಯ ಗೋಡೆಯಲ್ಲಿದ್ದ ಅಂಗೈಯಗಲದ ಕಿಂಡಿಯಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಒಂದೇ ಕಣ್ಣಿನಲ್ಲಿ ಸಿನಿಮಾ ನೋಡಿದವರು. ಆ ಅಭ್ಯಾಸ ಮನುಷ್ಯರನ್ನು ನೋಡುವಾಗಲೂ ಬಿಟ್ಟಿರಲಿಲ್ಲ. ಮಿಕ್ಸಿ ರಿಪೇರಿಗೆಂದು ಮರ್ಫಿ ಟೌನಿನ ಅವರ ಅಂಗಡಿಗೆ ಮೊದಲ ಸಲ ಹೋದಾಗ, ಈ ಮುದುಕ ನನಗೇಕೆ ಕಣ್ಣು ಹೊಡೆಯುತ್ತಿದ್ದಾನೆ ಎಂದು ಗಾಬರಿಯಾಗಿತ್ತು.

ಕಂಟೋನ್ಮೆಂಟಿನ ಇಂಗ್ಲಿಷ್ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದವರು ಅವರು. ಟಾಕೀಸು ಮುಚ್ಚಿದ ಮೇಲೆ ಮಿಕ್ಸಿ, ಫ್ಯಾನು ರಿಪೇರಿಗೆ ಕೂತರು. ಮನೆಯಲ್ಲಿ ತಮಿಳು, ಗಿರಾಕಿಗಳ ಜೊತೆ ಕನ್ನಡ, ದಖ್ಖನಿ ಉರ್ದು. ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೆ. ಆದರೂ ಹಳೆಯ ಅಮೆರಿಕನ್ ಸಿನಿಮಾದ ಮಾತು ಬಂತೆಂದರೆ ಸ್ಕ್ರೂಡ್ರೈವರ್ ಕೈಯಲ್ಲೇ ಉಳಿದು, ಮಿಕ್ಸಿ ಬಾಯಿಬಿಟ್ಟುಕೊಂಡು ಬಿದ್ದಿರುತ್ತಿತ್ತು.

"ಹೀರೋ ಮಾತಾಡ್ತಿರುವಾಗ ಹೀರೋನ ನೋಡ್ಬೇಡಿ ಸಾರ್. ಎದುರಿಗೆ ಕೂತು ಕೇಳ್ತಾ ಇರೋನ ಮುಖ ನೋಡಿ. ಕಥೆ ಅಲ್ಲಿರುತ್ತೆ," ಎನ್ನುತ್ತಿದ್ದರು.

ಆಗಷ್ಟೇ ನಾನು ವಾರಪತ್ರಿಕೆಯೊಂದರಲ್ಲಿ, ನೋಡಲೇಬೇಕಾದ ಹಳೆಯ ಅಮೆರಿಕನ್ ಸಿನಿಮಾಗಳ ಬಗ್ಗೆ ಅಂಕಣ ಶುರುಮಾಡಿದ್ದೆ. ಈ ಮಾತನ್ನು ನನ್ನದೇ ಎಂಬಂತೆ ಬರೆದೆ. ಸಂಪಾದಕರು ಫೋನು ಮಾಡಿ ಹೊಗಳಿದರು, ನಾಚಿಕೆಯಿಲ್ಲದೆ ಹೊಗಳಿಸಿಕೊಂಡೆ. ಅಲ್ಲಿಂದ ಪ್ರತಿ ಶನಿವಾರ ಹೊಸ ತಿಪ್ಪಸಂದ್ರದ ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೋಗುವುದು, ಎರಡು ಟೀ ತರಿಸುವುದು, ಒಂದು ಸಿನಿಮಾ ಹೇಳಿಸಿಕೊಂಡು ಬರುವುದು. ಮೊದಮೊದಲು ಸಿನಿಮಾ ನೋಡಿ ಬರೆಯುತ್ತಿದ್ದೆ. ಆಮೇಲೆ ಸೋಮಾರಿತನ ಹತ್ತಿತು, ಅವರು ಹೇಳಿದ್ದೇ ಸಾಕಾಯಿತು. ಅವರ ಪ್ರಸ್ತಾಪವನ್ನು ಮಾತ್ರ ಒಂದು ಸಲವೂ ಮಾಡಲಿಲ್ಲ.

ಒಂದು ಸಿನಿಮಾದಲ್ಲಿ ಗಂಡನ ಮೇಲೆ ಮುನಿಸಿಕೊಂಡ ಹೆಂಡತಿ ಪೆಟ್ಟಿಗೆ ತುಂಬಿಕೊಳ್ಳುತ್ತಾಳೆ.

"ಕೊನೇಲಿ ಮಾತೇ ಇಲ್ಲ ಸಾರ್. ಹೆಜ್ಜೆ ಸದ್ದು, ಬಾಗಿಲು ಹಾಕೋ ಸದ್ದು. ಹೊರಟೋದ್ಲು, ಅಷ್ಟೆ," ಎಂದರು.

ಮುಚ್ಚಿದ ಆ ಬಾಗಿಲಿನ ಬಗ್ಗೆ ನಾನು ಅರ್ಧ ಪುಟ ಬರೆದೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ಸಾಲದು ಎಂದೂ ಸೇರಿಸಿದೆ.

ಓದುಗರ ಪತ್ರಗಳು ಬಂದವು. ಅವಳು ಮನೆ ಬಿಟ್ಟು ಹೋಗಿಬಿಡುವುದಿಲ್ಲ, ರೈಲ್ವೆ ಸ್ಟೇಷನ್ನಿನಿಂದ ವಾಪಸು ಬಂದು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಾಳೆ. ಅಂಕಣಕಾರರು ಈ ಸಿನಿಮಾ ನೋಡಿದ್ದಾರೆಯೇ ಎಂದು ಕೇಳಿದ್ದರು. ಸಿಟ್ಟಿನಿಂದ ಮರ್ಫಿ ಟೌನಿಗೆ ಹೋಗಿ ಅವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಎಡಗಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು.

"ಕೊನೇ ರೀಲು ಯಾವ ಆಪರೇಟರ್ ನೋಡ್ತಾನೆ ಸಾರ್? ಅದು ಮಿಷಿನ್ನಲ್ಲಿ ಓಡ್ತಿರುವಾಗ ಹಿಂದಿನ ರೀಲು ಕೈಯಲ್ಲಿ ವಾಪಸ್ ಸುತ್ತಿ, ಎಲ್ಲಾನೂ ಡಬ್ಬಕ್ಕೆ ಹಾಕ್ಬೇಕು. ಇನ್ನೊಂದು ಟಾಕೀಸಿಗೆ ಒಯ್ಯೋನು ಸೈಕಲ್ ಹಿಡ್ಕೊಂಡು ಕೆಳಗೆ ಕೂಗ್ತಿರ್ತಾನೆ. ಕಿಂಡಿ ಹತ್ರ ನಿಲ್ಲೋಕೆ ಟೈಮೆಲ್ಲಿ? ಸದ್ದು ಕೇಳ್ಕೊಂಡು ಹಿಂಗೇ ಆಗಿರುತ್ತೆ ಅಂದ್ಕೊಳ್ತಿದ್ದೆ."

ಮುಚ್ಚಿದ್ದ ಕಣ್ಣು ತೆರೆದು ಕೇಳಿದರು: "ನಿಜವಾಗ್ಲೂ ವಾಪಸ್ ಬಂದ್ಲಾ ಸಾರ್? ಒಳ್ಳೇದಾಯ್ತು ಬಿಡಿ. ಒಂದ್ಸಲ ತೋರಿಸ್ತೀರಾ?"

ತೋರಿಸುತ್ತೇನೆ ಎಂದೆ.

ಮುಂದಿನ ವಾರ ಅಂಕಣದ ಕೆಳಗೆ ತಿದ್ದುಪಡಿ ಹಾಕಿದೆ: "ಹಳೆಯ ಟಾಕೀಸಿನ ಆಪರೇಟರೊಬ್ಬರು ತಪ್ಪು ಮಾಹಿತಿ ನೀಡಿದ್ದರಿಂದ ಈ ಪ್ರಮಾದ ಉಂಟಾಗಿದೆ." ಇಡೀ ಅಂಕಣದಲ್ಲಿ ಅವರು ಬಂದದ್ದು ಅದೊಂದೇ ಸಲ. ಅದು ಅಚ್ಚಾದ ಮೇಲೆ ಅವರಿಗೆ ಮುಖ ತೋರಿಸಲು ಧೈರ್ಯವಾಗಲಿಲ್ಲ. ಸಿನಿಮಾ ಫೋನಿನಲ್ಲೇ ಇತ್ತು, ಕಾಲು ಗಂಟೆಯ ದಾರಿ. ಹೋಗಲಿಲ್ಲ. ಮಿಕ್ಸಿ ಕೆಟ್ಟಾಗ ದೊಮ್ಮಲೂರಿನ ಬೇರೆ ಅಂಗಡಿಗೆ ಒಯ್ದೆ.

ಅವರು ತೀರಿಕೊಂಡದ್ದು ತಿಳಿದಾಗ ಕಾರ್ಯವೆಲ್ಲ ಮುಗಿದಿತ್ತು. ಅವರ ಮನೆಗೆ ಹೋದೆ. ಮಗಳು ಕೂರಿಸಿ ಕಾಫಿ ಕೊಟ್ಟಳು. ಕಪಾಟಿನ ಬಾಗಿಲಿಗೆ ನನ್ನ ತಿದ್ದುಪಡಿಯ ತುಂಡನ್ನು ನೀಟಾಗಿ ಕತ್ತರಿಸಿ ಅಂಟಿಸಿದ್ದರು.

"ಬಂದವರಿಗೆಲ್ಲ ತೋರಿಸೋರು ಅಂಕಲ್, ಪೇಪರಲ್ಲಿ ನನ್ನ ಬಗ್ಗೆ ಹಾಕಿದ್ದಾರೆ ಅಂತ."

"ಅದರಲ್ಲಿ ಏನಿದೆ ಅಂತ ಗೊತ್ತಿತ್ತಾ ಅವರಿಗೆ?"

"ಅಪ್ಪನಿಗೆ ಕನ್ನಡ ಓದೋಕೆ ಬರ್ತಿರ್ಲಿಲ್ಲ, ನಾನೇ ಓದಿ ಹೇಳಿದ್ದೆ. 'ನಾನು ತಪ್ಪು ಹೇಳಿದ್ದು ನಿಜ ತಾನೆ, ಸಾರ್ ಸುಳ್ಳು ಬರ್ದಿಲ್ವಲ್ಲ' ಅಂದ್ರು."

ಕಾಫಿ ಲೋಟ ಕೆಳಗಿಟ್ಟೆ. ಅವರ ಬಗ್ಗೆ ಬರೆಯಲೇ, ಹೆಸರು ಹಾಕಲೇ ಎಂದು ಕೇಳಿದೆ. "ಆಪರೇಟರ್ ಅಂತಾನೇ ಹಾಕಿ ಅಂಕಲ್, ಅಪ್ಪನಿಗೆ ಅದೇ ಇಷ್ಟ," ಎಂದಳು.

ಆ ತಿದ್ದುಪಡಿಯಲ್ಲಿ ನಾನು ಬರೆದದ್ದು ಸುಳ್ಳು. ಆ ಸಿನಿಮಾವನ್ನಾಗಲಿ, ಅದಕ್ಕೂ ಹಿಂದೆ ಬರೆದ ಅರ್ಧಕ್ಕರ್ಧ ಸಿನಿಮಾಗಳನ್ನಾಗಲಿ ನಾನು ನೋಡಿರಲಿಲ್ಲ. ಕೊನೆಯ ರೀಲೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದವರು ಮರ್ಫಿ ಟೌನಿನ ಆಪರೇಟರ್. ಈ ತಿದ್ದುಪಡಿಯನ್ನೂ ಅವರ ಮಗಳಿಗೆ ಕಳಿಸುತ್ತಿದ್ದೇನೆ. ಕಪಾಟಿನ ಬಾಗಿಲಲ್ಲಿ ಇದಕ್ಕೂ ಜಾಗವಿದೆ. ಓದಿಸಿಕೊಂಡು ಕೇಳಲು ಅವರಿಲ್ಲ.