ಗೋಲಿಗೆ ಒನ್ಸ್ ಮೋರ್

ನನ್ನ ಸೋದರಮಾವನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ತಣ್ಣಗೆ ಬೆಂಡೆಬೀಜ ಮಾರಿಕೊಂಡಿದ್ದ ಮನುಷ್ಯನಿಗೆ ಎರಡು ಸಾವಿರದ ಇಸವಿಯ ಈಚೆಗೆ ಅದ್ಯಾವ ಗಾಳಿ ಸೋಕಿತೋ, ಟಿವಿಯಲ್ಲಿ ಪರದೇಶದ ಫುಟ್‌ಬಾಲ್ ಲೀಗ್ ನೋಡಿ ನೋಡಿ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗೆ ಒಂದೊಂದು ತಂಡ ಕಟ್ಟಿಬಿಟ್ಟ. ಹುಬ್ಬಳ್ಳಿ, ಬೆಳಗಾವಿಯಿಂದ ಪಗಾರದ ಆಟಗಾರರು ಬಂದರು. ಡಿಗ್ರಿ ಓದುತ್ತಿದ್ದ ನನಗೆ, ಬಾಯಿ ಜೋರು ಎಂಬ ಒಂದೇ ಅರ್ಹತೆಯ ಮೇಲೆ, ಕಾಮೆಂಟರಿಯ ಮೈಕು ಸಿಕ್ಕಿತು.

ಮೊದಲ ಭಾನುವಾರ ಹಾವೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಭಾನುವಾರ ಕಾಲು ಚಾಚಿ ಕೂರಬಹುದಿತ್ತು. ಅದರ ಮುಂದಿನದಕ್ಕೆ ಮಲಗಬಹುದಿತ್ತು. ಒಬ್ಬರು ಮಲಗಿಯೂ ಇದ್ದರು. ರಾಣೆಬೆನ್ನೂರಿನ ಆಟಕ್ಕೆ ಮಾವ ಕುಪ್ಪೇಲೂರಿನ ಬೀಗರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದ. ಅವರು ಚಹಾ ಕುಡಿದು, ಕಡೆಯ ಬಸ್ಸಿನ ನೆವ ಹೇಳಿ ಅರ್ಧ ಆಟಕ್ಕೇ ಎದ್ದರು.

"ಬ್ಯಾಡಗಿ ಆಟಕ್ಕ ಮೈದಾನ ತುಂಬಲಿಲ್ಲಂದ್ರ ಲೀಗ್ ಬಂದ್ ನೋಡವಾ," ಎಂದ ಮಾವ. ನಗುತ್ತಲೇ ಹೇಳಿದ, ಆದರೆ ತಾಟಿನಲ್ಲಿ ರೊಟ್ಟಿ ಹಾಗೇ ಉಳಿಯಿತು. ಮೈಕಿಲ್ಲದ ಭಾನುವಾರ ನನಗೂ ಬೇಡವಾಗಿತ್ತು.

ಉಪಾಯ ಹೊಳೆದದ್ದು ಅತ್ತೆಗೆ. "ರವಿವಾರ ಬ್ಯಾಡಗ್ಯಾಗ ಯಾರ್ ಇರ್ತಾರ್ರಿ? ಮೆಣಸಿನಕಾಯಿ ಪ್ಯಾಟಿ ದಿನ ಇಡ್ರಿ. ರೈತ್ರು ಮಾಲ್ ಇಳಿಸಿ, ಧಾರಣಿ ತಿಳಿಯೂತನಾ ಸುಮ್ನ ಕುಂತಿರ್ತಾರ."

ಕುಂತಿದ್ದರು, ಖರೇ. ಪೇಟೆಯಿಂದ ಎದ್ದು ಬಂದು ಮೈದಾನದ ಸುತ್ತ ಖಾಲಿ ಚೀಲ ಹಾಸಿಕೊಂಡು ಕುಂತರು. ಹೆಂಗಸರು, ಮುದುಕರು, ಹಮಾಲರು, ಎಲ್ಲರ ಬಟ್ಟೆಯಲ್ಲೂ ಮೆಣಸಿನಕಾಯಿ ಘಾಟು. ಇಡೀ ಮೈದಾನ ಸೀನುತ್ತಿತ್ತು. ನಾನು ಎರಡು ಮಾತು ಆಡುವುದು, ಒಂದು ಸಲ ಸೀನುವುದು, ಮೈಕು ಅದನ್ನು ಊರಿಗೆಲ್ಲ ಸಾರುವುದು. ಮಾವನ ಮುಖ ನೋಡಿ ನನಗೆ ಕುಣಿಯುವಂತಾಗಿತ್ತು.

ರಾಣೆಬೆನ್ನೂರು, ಬ್ಯಾಡಗಿ ಎರಡೂ ಸಮ, ಯಾರದೂ ಗೋಲಿಲ್ಲ. ಇನ್ನೇನು ಆಟ ಮುಗಿಯಬೇಕು, ಗೇಟಿನ ಕಡೆಯಿಂದ ಯಾರೋ ಕೂಗಿದರು: "ಧಾರಣಿ ಹಚ್ಯಾರ ಬರ್ರಿ."

ಪೇಟೆಯಲ್ಲಿ ಹಚ್ಚಿದ ಅಂದಿನ ದರ ನೋಡಲು ಮೈದಾನ ಒಂದೇ ಏಟಿಗೆ ಎದ್ದು ಓಡಿತು. ಚೀಲ ಕೂಡ ಬಿಟ್ಟು ಹೋದರು. ಹಾಳಾದ್ದು, ಆಗಲೇ ನಮ್ಮ ರಾಣೆಬೆನ್ನೂರಿನ ಆಟಗಾರ ಅಷ್ಟು ದೂರದಿಂದ ಅಂಥ ಚೆಂದದ ಗೋಲು ಹೊಡೆಯಬೇಕೆ! ನೋಡಿದವರು ಮಾವ, ನಾನು, ಶೇಂಗಾ ಮಾರುವ ಅಜ್ಜಿ. ರೆಫ್ರಿ ಸೀಟಿ ಊದಿ ಆಟ ಮುಗಿಸಿದ. ಲೀಗೂ ಮುಗಿಯಿತೆಂದು ಸಾರಲು ಮಾವ ಮೈಕಿನತ್ತ ಕಾಲೆಳೆದುಕೊಂಡು ಬರತೊಡಗಿದ.

ಅಷ್ಟರಲ್ಲಿ ಜನ ತಿರುಗಿ ಬಂದರು. ಧಾರಣೆ ಚಲೋ ಸಿಕ್ಕಿತ್ತು. ಕೈಯಲ್ಲಿ ಮಿರ್ಚಿ ಭಜಿ, ಜೊತೆಗೆ ಮೊದಲು ಬರದಿದ್ದ ನೆಂಟರಿಷ್ಟರು. ಏನಾಯಿತೆಂದು ಕೇಳಿದರು. ನಾನು ಆ ಗೋಲನ್ನು ಉಪ್ಪು ಖಾರ ಹಚ್ಚಿ ಬಣ್ಣಿಸಿದೆ.

"ನಾವು ನೋಡೇ ಇಲ್ಲಲ್ಲವಾ," ಎಂದರು ಒಬ್ಬ ಹಿರಿಯರು. ಹಿಂದಿನಿಂದ ಯಾರೋ, "ಒನ್ಸ್ ಮೋರ್" ಎಂದರು. ನಮ್ಮ ಕಡೆ ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಹಾಗೆ ಕೂಗುವುದುಂಟು, ನಟ ಮತ್ತೆ ಹಾಡುವುದುಂಟು. ಗೋಲಿಗೇಕೆ ಕೂಗಬಾರದು? ಮೈದಾನವೆಲ್ಲ ಕೂಗಿತು.

"ಹಂಗ ಕಾಯ್ದೆ ಇಲ್ರಿ," ಎಂದು ರೆಫ್ರಿ ಅಂಗಲಾಚುತ್ತಿದ್ದ. ನಮ್ಮ ಆಟಗಾರ ಆಗಲೇ ನಾಲ್ಕೂ ದಿಕ್ಕಿಗೆ ಕೈಮುಗಿದು, ಅದೇ ಜಾಗದಲ್ಲಿ ಚೆಂಡಿಟ್ಟು ಒದ್ದ. ಈ ಸಲ ಬ್ಯಾಡಗಿಯ ಗೋಲ್‌ಕೀಪರ್ ಅದನ್ನು ಗಪ್ಪನೆ ಹಿಡಿದುಬಿಟ್ಟ.

ರುಮಾಲು ಹಾರಿದವು, ಭಜಿ ಹಾರಿದವು. "ಗೋಲ್ ಆಗಿಲ್ಲ. ಬರೋ ಪ್ಯಾಟಿಗೆ ಮತ್ತ ಆಡಸ್ರಿ," ಎಂದು ಬ್ಯಾಡಗಿಯವರು ಪಟ್ಟು ಹಿಡಿದರು. ರೆಫ್ರಿ ಸೀಟಿಯನ್ನು ಕಿಸೆಗೆ ಹಾಕಿ ನೆಲಕ್ಕೆ ಕುಂತ. ನಗು ತಡೆಯಲಾಗದೆ ನನ್ನ ಕಣ್ಣಲ್ಲಿ ನೀರು.

ಮಾವ ನನ್ನ ಕೈಯಿಂದ ಮೈಕು ತೆಗೆದುಕೊಂಡು ಒಂದು ಸುತ್ತು ನೋಡಿದ. ಕಾಲಿಡಲು ಜಾಗವಿರಲಿಲ್ಲ.

"ಆಡಸ್ತೇವ್ರಿ," ಎಂದ. "ಆದ್ರ ಧಾರಣಿ ಹಚ್ಚಿದ ಮ್ಯಾಲ."