ಅತ್ತೆಯ ಮಣ್ಣಿನ ರೊಕ್ಕ

ನಮ್ಮತ್ತೆಯ ಬಾಯಲ್ಲಿ ಕೊನೆಗೆ ಉಳಿದದ್ದು ಎರಡೇ ಹಲ್ಲು. ಒಂದು ಮೇಲೆ ಬಲಕ್ಕೆ, ಇನ್ನೊಂದು ಕೆಳಗೆ ಎಡಕ್ಕೆ. “ಒಂದ ಮನ್ಯಾಗ ಇದ್ದೂ ಮಾತು ಬಿಟ್ಟಾವ ನೋಡ, ಅಣ್ಣತಮ್ಮರ ಪಾಲು ಆದಂಗ” ಎಂದು ತಾನೇ ಹೇಳಿ ನಗುತ್ತಿದ್ದಳು. ನಗುವಾಗ ಮಾತ್ರ ಸೆರಗು ಬಾಯಿಗೆ ಬರುತ್ತಿತ್ತು.

ನಾನು ರಂಗಂಪೇಟೆಯ ಆ ಮನೆಗೆ ಸೊಸೆಯಾಗಿ ಬಂದಾಗ ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯ ಖರ್ಚೆಲ್ಲ ಆಕೆಯ ಕೈಯಲ್ಲೇ. ಶಾಲೆ ಕಲಿತವಳಲ್ಲ, ಆದರೆ ಸಂಸಾರದ ಲೆಕ್ಕದಲ್ಲಿ ಆಕೆಯನ್ನು ಮೀರಿಸುವವರನ್ನು ನಾನಂತೂ ಕಂಡಿಲ್ಲ. “ಖರ್ಚಿಗೂ ವಯಸ್ಸಾಗ್ತದವ್ವಾ. ಎಳೇ ಸಂಸಾರಕ್ಕ ಹೊಟ್ಟಿ ಖರ್ಚು, ನಡುವಯಸ್ಸಿಗೆ ಮಂದಿ ಖರ್ಚು, ಮುಪ್ಪಿಗೆ ಮೈ ಖರ್ಚು” ಎನ್ನುತ್ತಿದ್ದಳು.

ಸುಳ್ಳಲ್ಲ. ನನ್ನ ಗಂಡ, ಇಬ್ಬರು ನಾದಿನಿಯರು ಬೆಳೆಯುವಾಗ ಜೋಳದ ಚೀಲ ತಂದದ್ದೇ ಗೊತ್ತು, ಮುಗಿದದ್ದು ಗೊತ್ತಾಗುತ್ತಿರಲಿಲ್ಲವಂತೆ. ನಾನು ಬರುವ ಹೊತ್ತಿಗೆ ಮಂದಿ ಖರ್ಚು ಶುರುವಾಗಿತ್ತು. ಯಾರದೋ ಮದುವೆ, ಯಾರದೋ ತೊಟ್ಟಿಲು. ಹೋದಲ್ಲೆಲ್ಲ ಬಟ್ಟೆ ಕೊಟ್ಟು ಆಯಾರ ಮಾಡಬೇಕು. ಅದಕ್ಕೆಂದೇ ಒಂದು ಟ್ರಂಕಿನ ತುಂಬ ಕುಬಸದ ಖಣ. ನಾದಿನಿಯರು ಗಂಡನ ಮನೆಗೆ ಹೋದ ಮೇಲೆ ಎಣ್ಣೆಯ ಡಬ್ಬಿ ಹೋಗಿ ಪಾಕೀಟು ಬಂತು, ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಭರಣಿ ಸಣ್ಣದಾಯಿತು. ಅರಿಶಿನ ಕುಂಕುಮದ ಪಕ್ಕ ಬಿಪಿ ಗುಳಿಗೆ ಬಂದು ಕೂತವು.

ಇವೆಲ್ಲದರ ಆಚೆಗೆ ಇನ್ನೊಂದಿತ್ತು. ನಮ್ಮ ಕಡೆ ಎಷ್ಟೋ ಮುದುಕಿಯರು ತಮ್ಮನ್ನು ಮಣ್ಣು ಮಾಡುವ ಖರ್ಚಿಗೆಂದು, ಆಮೇಲೆ ‘ದಿನ’ ಮಾಡಿ ಊರಿಗೆ ಹಾಕಿಸುವ ಊಟಕ್ಕೆಂದು ತಾವೇ ರೊಕ್ಕ ಎತ್ತಿಡುತ್ತಾರೆ. ಸತ್ತ ಮೇಲೂ ಮಕ್ಕಳ ಮೇಲೆ ಭಾರ ಬೀಳಬಾರದು ಅಂತ. ನಮ್ಮತ್ತೆ ಎಮ್ಮೆಯ ಹಾಲು ಮಾರಿದ್ದರಲ್ಲಿ ಉಳಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಮಣ್ಣಿನ ರೊಕ್ಕ ಎಂದೇ ಅದಕ್ಕೆ ಹೆಸರು. ಮನೆಯಲ್ಲಿ ಎಂಥ ಅಡಚಣೆ ಬಂದರೂ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. “ಓಣಿಗೆ ಓಣಿನೇ ಹೋಳಿಗಿ ಉಂಡು, ಮುದುಕಿ ಛಲೋ ಹೋದ್ಳು ಅನ್ನಬೇಕು” ಎಂಬುದು ಆಕೆಯ ಆಸೆ.

ಅಂಥವಳು ಎರಡು ವರ್ಷ ರೊಟ್ಟಿಯನ್ನು ಬೇಳೆಯ ನೀರಿನಲ್ಲಿ ನೆನೆಸಿ ನುಂಗಿದಳು. ಮೈ ಇಳಿದು ಕುಬಸ ಜೋತುಬಿತ್ತು. ನಾವು ಉಂಡೆದ್ದ ಮೇಲೆ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು. ಒಂದು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಲ್ಲರೂ ಕೂತಿದ್ದೆವು. ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ಮುರಿದಳು, ಮೂಗಿನ ಹತ್ತಿರ ಹಿಡಿದಳು, ಹಾಗೇ ನನ್ನ ಮಗಳ ಕೈಗೆ ಕೊಟ್ಟುಬಿಟ್ಟಳು.

ಹಲ್ಲಿನ ಸೆಟ್ ಹಾಕಿಸೋಣ ಎಂದೆವು. ಒಪ್ಪಲಿಲ್ಲ. “ನೀವು ಈಗ ಮಂದಿ ಖರ್ಚಿನ್ಯಾಗ ಇದ್ದೀರಿ. ಹುಡುಗಿ ಕಾಲೇಜ ಅದ, ತಂಗಿ ಮನ್ಯಾಗ ಮದುವಿ ಅದ. ನನ್ನ ಬಾಯಿ ಖರ್ಚು ನಿಮಗ್ಯಾಕ?” ಎಂದಳು.

ಹಬ್ಬ ಮುಗಿದು ವಾರವಾಗಿರಲಿಲ್ಲ. ಬೆಳಿಗ್ಗೆ ಟ್ರಂಕು ತೆರೆದು ಆ ಬಿಳಿ ಗಂಟನ್ನೇ ಬಿಚ್ಚಿ ಕೂತಿದ್ದಳು. “ಯಾದಗಿರಿಗೆ ಹೋಗೂಣು ನಡಿ. ಹಲ್ಲು ಕಟ್ಟಿಸ್ಕೋತೀನಿ.”

ನನಗೆ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈ ರೊಕ್ಕ ಹೋದರೆ ನಾಳೆ ಆ ಊಟ ನಮ್ಮ ತಲೆಯ ಮೇಲೇ ಬಂತಲ್ಲ ಎಂಬುದೇ ಮೊದಲು ಹೊಳೆದದ್ದು. ಇವತ್ತಿಗೂ ಅದಕ್ಕೆ ನನಗೆ ನಾಚಿಕೆ ಇದೆ.

ಸುದ್ದಿ ತಿಳಿದು ಶಹಾಪುರದಿಂದ ಆಕೆಯ ತಮ್ಮ ಬಂದ. ಅರಿವೆ ಅಂಗಡಿಯವನು, ಬೀಗರು-ಬಿಜ್ಜರಲ್ಲಿ ಮಾತು ನಡೆಯುವ ಮನುಷ್ಯ. ಚಹಾ ಕೂಡ ಮುಟ್ಟಲಿಲ್ಲ.

“ಅಕ್ಕಾ, ನಿನಗ ತಲಿ ಕೆಟ್ಟದೇನು? ಈ ವಯಸ್ಸಿನ್ಯಾಗ ಹಲ್ಲ್ಯಾಕ? ಮಣ್ಣಿನ ರೊಕ್ಕ ತಿಂದ್ಳು ಅಂತ ಮಂದಿ ಆಡ್ಕೋತಾರ.”

“ಮಂದಿಗೆ ಹಲ್ಲು ಅದಾವಪ್ಪ, ಆಡ್ಕೋತಾರ. ನನಗಿಲ್ಲ, ಹಾಕಿಸ್ಕೋತೀನಿ.”

“ನಾಳೆ ದಿನಕ್ಕ ಊರಿಗೆ ಏನ್ ಉಣಿಸ್ತಿ?”

“ನಾ ಸತ್ತ ಮ್ಯಾಲ ಊರು ಉಂಡ್ರ ನನ್ನ ಹೊಟ್ಟಿ ತುಂಬ್ತದೇನೋ? ಉಪಾಸ ಸತ್ತು ಹೋಳಿಗಿ ಹಾಕಿಸ್ಲ್ಯಾ?”

ತಮ್ಮ ಸಿಟ್ಟಿನಿಂದ ಟವೆಲ್ ಕೊಡವಿಕೊಂಡು ಎದ್ದು ಹೋದ. ಆಕೆ ಅವನು ಬಿಟ್ಟುಹೋದ ಚಹಾವನ್ನು ತಾನೇ ಕುಡಿದಳು.

ಯಾದಗಿರಿಗೆ ನಾಲ್ಕು ಸಲ ಬಸ್ಸಿನಲ್ಲಿ ಹೋಗಿಬಂದೆವು. ಆ ಎರಡು ಹಲ್ಲು ಕೀಳುವಾಗ ಕೈ ಹಿಡಿಯಲು ಹೋದರೆ “ಮೂರು ಹಡದಾಕಿ ನಾನು, ಸರಿ ಅತ್ಲಾಗ” ಎಂದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಖಡಕ್ ರೊಟ್ಟಿ ಮುರದೀತೇನವ್ವ ನಿನ್ನ ಹಲ್ಲಿಗೆ?” ಎಂದು ಅತ್ತೆಯೇ ಡಾಕ್ಟರನ್ನು ಪರೀಕ್ಷೆ ಮಾಡಿದಳು. ಡಾಕ್ಟರು ನಕ್ಕು, “ಮದ್ಲು ಮೆತ್ತಂದು ತಿನ್ರಿ ಅಮ್ಮ, ರೂಢಿ ಆಗ್ಲಿ” ಎಂದರು.

ಒಸಡು ಒತ್ತಿ ಹುಣ್ಣಾಯಿತು, ಮತ್ತೆ ಹೋಗಿ ಸೆಟ್ಟನ್ನು ತಿಕ್ಕಿಸಿಕೊಂಡು ಬಂದೆವು. ತಿಂಗಳ ಮೇಲೆ ಒಂದು ಮಧ್ಯಾಹ್ನ ಗೋಡೆ ಬಿಟ್ಟು ನಮ್ಮ ನಡುವೆ ಬಂದು ಕೂತಳು. ಖಡಕ್ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಕಟಂ ಎಂಬ ಸದ್ದು ಬಂತು. ಎಲ್ಲರೂ ಕೈ ನಿಲ್ಲಿಸಿ ಆಕೆಯನ್ನೇ ನೋಡಿದೆವು. “ಏನ್ ನೋಡ್ತೀರಿ? ಇನ್ನೊಂದು ಹಾಕ್ರಿ” ಎಂದಳು.

ಆಮೇಲೆ ನಾಲ್ಕು ವರ್ಷ ಬದುಕಿದಳು, ಉಂಡು ಬದುಕಿದಳು. ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಹೊಸ ಖಣ ತರುವುದನ್ನು ನಿಲ್ಲಿಸಿ ಬಚ್ಚಲಿಗೆ ಹಿಡಿಕೆ ಹಾಕಿಸಿದಳು, ನನ್ನನ್ನೂ ಎಳೆದುಕೊಂಡು ಹೋಗಿ ಕನ್ನಡಕ ಕೊಡಿಸಿದಳು. “ಗಂಡಗ, ಮಗಳಿಗೆ, ಬೀಗರಿಗೆ ಅಂತ ಎಲ್ಲಾ ತಂದಿ. ನಿನ್ನ ಮೈಗೆ ಏನ್ ತಂದಿ ಹೇಳು?” ಎಂದು ಕೇಳಿದ್ದಳು. ನನ್ನನ್ನು ಹಾಗೆ ಕೇಳಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಹೋದ ವರ್ಷ ತೀರಿಕೊಂಡಳು. ಮಣ್ಣು ಮಾಡಿ ಬಂದು ಪಡಸಾಲೆಯಲ್ಲಿ ಕೂತಾಗ ಆಕೆಯ ತಮ್ಮ ನನ್ನ ಗಂಡನ ಕಡೆ ನೋಡಿ, “ದಿನದ್ದು ಹ್ಯಾಂಗಪ? ಹೋಳಿಗಿ ಊಟ ಆಗ್ಬೇಕಲ್ಲ” ಎಂದ. ಹಿರಿಯರ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ. ಅವತ್ತು ಒಳಗಿನಿಂದ ಬಂದು ನಿಂತೆ.

“ಇಲ್ರಿ ಮಾವಾರ. ತನ್ನ ದಿನದ ಊಟ ನಮ್ಮತ್ತಿ ತಾನೇ ಉಂಡು ಹೋಗ್ಯಾಳ್ರಿ.”