ಮಂಗಳವಾರದ ನೀರು

ಹುಣಸೆಹಣ್ಣು ಹಚ್ಚಿ ತಾಮ್ರ ತಿಕ್ಕಿದಾಗ ಒಂದು ವಾಸನೆ ಏಳುತ್ತದೆ. ಹುಳಿ ಹುಳಿ, ಜೊತೆಗೆ ಬೆವೆತ ಅಂಗೈಯಲ್ಲಿ ಕಬ್ಬಿಣ ಹಿಡಿದಾಗ ಬರುವಂಥದೇ ಒಂದು ಘಾಟು. ಮೊನ್ನೆ ವಿಜಯಪುರದ ಜಲನಗರದ ನಮ್ಮ ಮನೆಯ ಹಿತ್ತಲಲ್ಲಿ ಹಳೆಯ ತಂಬಿಗೆಯೊಂದನ್ನು ತಿಕ್ಕುತ್ತ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಿಕೋಟಾದ ಒಂದು ತಗಡಿನ ಶೆಡ್ಡಿನಲ್ಲಿದ್ದೆ. ಬಲಗೈ ಮುಂದೆ ಚಾಚಿಕೊಂಡು ನಿಂತಿದ್ದೆ, ಎದುರಿಗೆ ಕಾಕಾ ಕುಕ್ಕರುಗಾಲಲ್ಲಿ ಕೂತಿದ್ದರು...

ಅವರು ನನ್ನ ಸ್ವಂತ ಕಾಕಾ ಅಲ್ಲ. ನನಗೆ ಪವರ್‌ಲಿಫ್ಟಿಂಗ್ ಕಲಿಸಿದವರು. ಊರವರ ಬಾಯಲ್ಲಿ ‘ವಸ್ತಾದ’, ಕಲಿಯಲು ಹೋಗುವ ನಮ್ಮ ಬಾಯಲ್ಲಿ ಕಾಕಾ. ಹರೆಯದಲ್ಲಿ ಊರೂರು ತಿರುಗಿ ಗುಂಡುಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದವರಂತೆ. ಆಮೇಲೆ ಕಲ್ಲು ಎಳೆಯುವ ಪಂದ್ಯಕ್ಕೆಂದು ಎತ್ತು ಸಾಕಿದರು. ಎತ್ತುಗಳು ಹೋದ ಮೇಲೆ ಅದೇ ಕೊಟ್ಟಿಗೆಗೆ ತಗಡು ಹೊದಿಸಿ, ರಾಡು, ಪ್ಲೇಟು ತಂದಿಟ್ಟು ಹುಡುಗರಿಗೆ ಕಲಿಸತೊಡಗಿದರು. ದನಗಳಿಗೆ ಮೇವು ಹಾಕುವ ಗೋದಲಿ ಹಾಗೆಯೇ ಇತ್ತು. ನಾವು ಅದರಲ್ಲಿ ನಮ್ಮ ಚೀಲಗಳನ್ನು ಇಡುತ್ತಿದ್ದೆವು.

ಅಲ್ಲಿ ಎರಡು ಪದ್ಧತಿಗಳಿದ್ದವು, ಎರಡೂ ನನಗೆ ಮೊದಮೊದಲು ನಗು ಬರಿಸಿದವು. ಒಂದು, ಸೋಮವಾರ ಶೆಡ್ಡಿಗೆ ಬೀಗ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಕಾಕಾ ಆ ನೇಮವನ್ನು ನಮಗೂ ಹಚ್ಚಿದ್ದರು. “ಬಸವಣ್ಣಗ ಸೂಟಿ ಬೇಕು, ನಿಮಗ ಬ್ಯಾಡನು?” ಎನ್ನುತ್ತಿದ್ದರು.

ಇನ್ನೊಂದು ಈ ತಂಬಿಗೆ. ಮುಂಜಾನೆ ರಾಡು ಮುಟ್ಟುವ ಮೊದಲು ಕಂಠಮಟ ನೀರು ತುಂಬಿದ ತಂಬಿಗೆ ಹಿಡಿದು ಕೈ ಚಾಚಿ ನಿಲ್ಲಬೇಕು. ನೀರಿನ ಕಡೆ ನೋಡಬಾರದು. ನೋಡಿದರೆ ಕೈ ತಾನೇ ಸಂಭಾಳಿಸಿಕೊಂಡು ಸುಳ್ಳು ಹೇಳುತ್ತದೆ ಎಂಬುದು ಅವರ ಲೆಕ್ಕ. “ಗ್ವಾಡಿ ನೋಡು,” ಎಂದು ಅವರು ಕೂತುಕೊಂಡು ನೀರಿನ ಅಂಚನ್ನೇ ದಿಟ್ಟಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಸಾಕು, ಇಳಸು.” ಅಷ್ಟೇ. ಆಮೇಲೆ ಆ ದಿನ ಯಾರು ಎಷ್ಟು ಎತ್ತಬೇಕು ಎನ್ನುವುದು ತೀರ್ಮಾನವಾಗುತ್ತಿತ್ತು. ಒಬ್ಬನಿಗೆ ಎರಡು ಪ್ಲೇಟು ಕಡಿಮೆ, ಇನ್ನೊಬ್ಬನಿಗೆ “ಇವತ್ತ ಮನಿಗೆ ಹೋಗಿ ಮಕ್ಕೊ”. ಬೈದಂತೆ ಕೇಳಿದರೂ ಅದು ಬೈಗುಳವಲ್ಲ.

ನನಗಾಗ ಹತ್ತೊಂಬತ್ತು. ಹೊನವಾಡದಿಂದ ಮೊದಲ ಬಸ್ಸಿಗೆ ಬಂದು ತಿಕೋಟಾದಲ್ಲಿ ಇಳಿದು, ಎತ್ತುವುದು ಮುಗಿಸಿ, ಮುಂದಿನ ಬಸ್ಸಿಗೆ ವಿಜಯಪುರದ ಕಾಲೇಜಿಗೆ ಹೋಗುತ್ತಿದ್ದೆ. ದ್ರಾಕ್ಷಿ ತೋಟ ಮಾಡುತ್ತಿದ್ದ ಅಪ್ಪನಿಗೆ ಮಗಳು ಭಾರ ಎತ್ತುವುದು ಅರಗುತ್ತಿರಲಿಲ್ಲ. ಕೊನೆಗೊಂದು ಮಾತು ಹೇಳಿಬಿಟ್ಟ. “ಈ ಸಲ ಬಿಜಾಪುರದಾಗ ಆರಿಸಿ ಬಂದ್ರ ಮುಂದ ನೋಡೂಣು. ಇಲ್ಲಂದ್ರ ಆ ರಾಡು ಅಲ್ಲೇ ಬಿಟ್ಟು ಬಾ. ಮಂದಿ ಬಾಯಿ ಮುಚ್ಚಸಾಕ ನನಗ ಆಗವಲ್ದು.” ರಾಜ್ಯಮಟ್ಟಕ್ಕೆ ಆಯ್ಕೆ ನಡೆಯುವುದು ವಿಜಯಪುರದಲ್ಲಿ. ಅಲ್ಲಿ ಸೋತರೆ ನನ್ನ ಆಟ ಮುಗಿಯಿತು.

ನನ್ನ ಬಲವೆಲ್ಲ ಡೆಡ್‌ಲಿಫ್ಟಿನಲ್ಲಿತ್ತು. ನೆಲದ ಮೇಲಿನ ರಾಡನ್ನು ಸೊಂಟ ನೆಟ್ಟಗಾಗುವವರೆಗೆ ಎತ್ತಿ ನಿಲ್ಲುವುದು. ನೂರು ಕಿಲೊ ಎತ್ತಿದ್ದೆ, ಆದರೆ ಅದರ ಮೇಲೆ ಏರಲೇ ಇಲ್ಲ. ನನಗೆ ಹೆದರಿಕೆ ಹುಟ್ಟಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಕೇಳುತ್ತ ಬೆಳೆದವಳು ನಾನು. ಮೊಸರು ಸಿಗುತ್ತಿಲ್ಲವೆಂದರೆ ಕೆಸರು ಸಾಲದು ಎಂದೇ ಅರ್ಥ ಮಾಡಿಕೊಂಡೆ. ಸೋಮವಾರ ಅಪ್ಪ ಪೇಟೆಗೆ ಹೋಗುತ್ತಿದ್ದ, ಎತ್ತುಗಳು ಕಟ್ಟಿದಲ್ಲೇ ಇರುತ್ತಿದ್ದವು, ಒಣದ್ರಾಕ್ಷಿ ಇಡುವ ಕೋಣೆಯತ್ತ ಯಾರೂ ಸುಳಿಯುತ್ತಿರಲಿಲ್ಲ. ಅಲ್ಲಿದ್ದ ಜೋಳದ ಚೀಲವನ್ನು ಅಪ್ಪಿ ಹಿಡಿದು ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಬಾಗಿಲಾಚೆ ನಮ್ಮ ಎರಡು ಎತ್ತುಗಳು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿದ್ದವು. ಅವಕ್ಕಿದ್ದ ಬುದ್ಧಿ ನನಗಿರಲಿಲ್ಲ.

ನಾಲ್ಕು ವಾರ ಹೀಗೆ ನಡೆಸಿದೆ. ನಾಲ್ಕು ರೊಟ್ಟಿ ತಿನ್ನುತ್ತಿದ್ದವಳು ಒಂದೂವರೆಗೆ ಇಳಿದೆ. ಹಾಸಿಗೆಗೆ ಬಿದ್ದರೆ ಮೈ ದಣಿದಿರುತ್ತಿತ್ತು, ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಅವ್ವ ಏನು ಕೇಳಿದರೂ ಸಿಡುಕುತ್ತಿದ್ದೆ. ಮೊದಲು ಸಲೀಸಾಗಿ ಏಳುತ್ತಿದ್ದ ತೊಂಬತ್ತು ಕಿಲೊ ಕೂಡ ನೆಲ ಬಿಡಲು ಹಟ ಮಾಡತೊಡಗಿತು. ಇದೆಲ್ಲ ದಣಿವು ಎಂದು ನನಗೆ ಹೊಳೆಯಲಿಲ್ಲ. ಸೋಮಾರಿತನವೆಂದುಕೊಂಡು ಇನ್ನಷ್ಟು ಎತ್ತಿದೆ.

ಆಯ್ಕೆಗೆ ಮೂರು ವಾರ ಉಳಿದಿತ್ತು. ಒಂದು ಮಂಗಳವಾರ ತಂಬಿಗೆ ಹಿಡಿದು ಗೋಡೆ ನೋಡುತ್ತ ನಿಂತಿದ್ದೆ. ಕಾಕಾ “ಸಾಕು, ಇಳಸು” ಎನ್ನಲಿಲ್ಲ. ಎದ್ದು ಬಂದು ತಾವೇ ತಂಬಿಗೆ ಇಸಿದುಕೊಂಡು, ನೀರನ್ನು ಬೇವಿನ ಗಿಡದ ಬುಡಕ್ಕೆ ಸುರುವಿದರು.

“ಸ್ವಾಮಾರ ಏನ್ ಎತ್ತಾಕತ್ತಿ ಬೇ?”

“ಯಾರ್ ಹೇಳಿದ್ರಿ ಕಾಕಾ?”

“ನೀರು ಹೇಳ್ತು. ಒಂದಿನ ಸೂಟಿ ಆದಮ್ಯಾಲ ಎಲ್ಲಾರ ನೀರು ಮಂಗಳವಾರ ನಿಂತಿರ್ತೈತಿ. ನಾಕ್ ವಾರ ಆತು, ನಿಂದು ಮಂಗಳವಾರನ ಹೆಚ್ಚಿಗಿ ಅಲಗ್ಯಾಡ್ತೈತಿ.”

ಆ ಶೆಡ್ಡಿಗೆ ಹತ್ತು ಹನ್ನೆರಡು ಜನ ಬರುತ್ತಿದ್ದೆವು. ಯಾರ ನೀರು ಯಾವ ವಾರ ಎಷ್ಟು ಅಲುಗಿತು ಎಂಬುದನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹತ್ತು ಮೈಲಿಯಾಚೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾನು ಕದ್ದು ಎತ್ತಿದ ಜೋಳದ ಚೀಲ ಅವರಿಗೆ ಒಂದು ತಂಬಿಗೆಯ ಅಂಚಿನಲ್ಲಿ ಕಂಡಿತ್ತು.

ಹತ್ತು ದಿನ ರಾಡು ಮುಟ್ಟಬೇಡ ಎಂದರು. ನಾನು ಅತ್ತುಬಿಟ್ಟೆ. ಮೂರೇ ವಾರ ಉಳಿದೈತ್ರಿ ಎಂದೆ, ಜೋಳದ ಚೀಲದ ವಿಷಯ, ಅಪ್ಪನ ಮಾತು ಎರಡೂ ಹೇಳಿದೆ, ನೀವೂ ನನ್ನನ್ನು ಮನೆಗೆ ಅಟ್ಟುತ್ತಿದ್ದೀರಿ ಎಂದು ಬಾಯಿಗೆ ಬಂದದ್ದು ಆಡಿದೆ. ಅವರು ಗೋದಲಿಯ ಅಂಚಿಗೆ ಕೂತು, ಅದರ ಸವೆದ ಕಟ್ಟಿಗೆಯನ್ನು ಸವರುತ್ತ ಎತ್ತಿನ ಕತೆ ಹೇಳಿದರು. ಜೋಡಿಯಲ್ಲಿ ಎಡಗಡೆಯ ಎತ್ತು ಅವರ ಜೀವವಾಗಿತ್ತಂತೆ. ಒಂದು ದೊಡ್ಡ ಪಂದ್ಯದ ಆಸೆಗೆ ಸೋಮವಾರವೂ ಬಿಡದೆ ಕಲ್ಲು ಎಳೆಸಿದರು. ಅದು ಮೇವು ತಿನ್ನುತ್ತಿತ್ತು, ಆದರೆ ಮೆಲುಕು ಹಾಕುವುದು ಬಿಟ್ಟಿತ್ತು. ಕಂಡೂ ಕಾಣದಂತೆ ಇದ್ದರು. ಪಂದ್ಯದ ದಿನ ನೊಗದಲ್ಲೇ ಮೊಣಕಾಲೂರಿತು. ಮತ್ತೆ ಏಳಲಿಲ್ಲ...

“ಎತ್ತಿಗೆ ಬಾಯಿಲ್ಲ, ಹೇಳಲಿಲ್ಲ. ನಿನಗ ಬಾಯಿ ಐತಿ, ನೀನೂ ಹೇಳಲಿಲ್ಲ,” ಎಂದರು. “ನೀನಾಗಿ ಹೇಳ್ತಿ ಅಂತ ನಾಕ್ ವಾರ ಹಾದಿ ನೋಡಿದ್ನಿ. ಅದು ನನ್ನ ತಪ್ಪ,” ಎಂದೂ ಸೇರಿಸಿದರು.

ಆ ಹತ್ತು ದಿನ ಕಾಲೇಜಿಗೂ ಹೋಗಲಿಲ್ಲ. ಎಂದಿನಂತೆ ಮೊದಲ ಬಸ್ಸಿಗೆ ಬಂದು, ಅವರ ಮನೆಯ ಪಡಸಾಲೆಯಲ್ಲಿ ಜಮಖಾನದ ಮೇಲೆ ಮಲಗುತ್ತಿದ್ದೆ. ಕಾಕಾನ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಅವರು ಎಬ್ಬಿಸಿ ಉಣ್ಣಿಸಿ ಮತ್ತೆ ಮಲಗಿಸುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಪ್ಲೇಟುಗಳ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ನಾಲ್ಕನೆಯ ದಿನದಿಂದ ಆ ಸದ್ದಿಗೂ ಎಚ್ಚರವಾಗದಷ್ಟು ನಿದ್ದೆ ಬಂತು. ಎಂಟನೆಯ ದಿನ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರಿನ ಜೊತೆ ರೊಟ್ಟಿ ಎಷ್ಟು ತಿನ್ನುತ್ತಿದ್ದೇನೆಂಬ ಖಬರು ಇಲ್ಲದೆ ತಿಂದೆ. ಕಾಕು ಅಂಗಳಕ್ಕೆ ಹೋಗಿ ಕೂಗಿದರು.

“ಐದು ರೊಟ್ಟಿ ತಿಂದಾಳ್ರಿ ಈಕಿ.”

“ಹಂಗಂದ್ರ ಮೆಲುಕು ಹಾಕಾಕತ್ತಾಳ,” ಎಂದು ಶೆಡ್ಡಿನೊಳಗಿಂದ ಉತ್ತರ ಬಂತು. ಕಾಕಾ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹತ್ತು ದಿನ ಕಳೆದ ಮೇಲೂ ಹಗುರ ಭಾರವನ್ನಷ್ಟೇ ಕೊಟ್ಟರು. ನೂರರ ಹತ್ತಿರ ಸುಳಿಯಗೊಡಲಿಲ್ಲ.

ಆಯ್ಕೆಯ ದಿನ ಅಪ್ಪ ಬಂದಿದ್ದ, ಸಭಾಂಗಣದ ಬಾಗಿಲಿಗೆ ಒರಗಿ ನಿಂತಿದ್ದ. ನನ್ನನ್ನು ಶಾಶ್ವತವಾಗಿ ಮನೆಗೆ ಕರೆದೊಯ್ಯಲು ಬಂದವನ ಹಾಗೆ ಮುಖ ಮಾಡಿಕೊಂಡಿದ್ದ. ಕೊನೆಯ ಎತ್ತುವಿಕೆಗೆ ಕಾಕಾ ನೂರಾ ಹತ್ತು ಬರೆಸಿದರು. ಎತ್ತಿದರೆ ಆಯ್ಕೆ, ಇಲ್ಲದಿದ್ದರೆ ಇಲ್ಲ. ನಾನು ಎಂದೂ ಎತ್ತದ ಭಾರ ಅದು. ಅವರು ಕೈಚೀಲದಿಂದ ತಂಬಿಗೆ ತೆಗೆದು, ನಳದ ನೀರು ತುಂಬಿ ನನ್ನ ಕೈಗಿತ್ತರು. ಸುತ್ತಲಿದ್ದವರು ಮುಸಿಮುಸಿ ನಕ್ಕರು. ನಾನು ಗೋಡೆ ನೋಡಿದೆ.

“ಸಾಕು, ಇಳಸು,” ಎಂದರು. ಆಮೇಲೆ ಮೆಲ್ಲಗೆ, “ನೀರು ನಿಂತೈತಿ. ಹೋಗು ಯವ್ವಾ.”

ರಾಡು ನೆಲ ಬಿಡುವಾಗ ಒಂದು ಕ್ಷಣ ತಡೆಯಿತು, ಆಮೇಲೆ ಎದ್ದಿತು. ಅದು ನನ್ನ ತೋಳಿನ ಬಲವೆಂದು ಅಂದಿನಿಂದ ಇಂದಿನವರೆಗೂ ನನಗೆ ಅನ್ನಿಸಿಲ್ಲ. ಆ ಹತ್ತು ದಿನ ಪಡಸಾಲೆಯಲ್ಲಿ ಮಾಡಿದ ನಿದ್ದೆ ಎದ್ದು ನಿಂತಿತ್ತು ಅಷ್ಟೇ. ಊರಿಗೆ ಮರಳುವ ಬಸ್ಸು ತಿಕೋಟಾ ದಾಟಿತು. ಅಪ್ಪ ಕಿಟಕಿಯ ಕಡೆ ನೋಡುತ್ತ, “ಇನ್ ಮ್ಯಾಲ ಸ್ವಾಮಾರ ಜ್ವಾಳದ ಚೀಲ ಮುಟ್ಟಬ್ಯಾಡ. ನಿಮ್ಮ ವಸ್ತಾದ ಹೇಳ್ಯಾನ,” ಎಂದ. ಇನ್ನು ಮೇಲೆ ಎಂದರೆ ನಾನು ರಾಡು ಬಿಡಬೇಕಾಗಿಲ್ಲ ಎಂದೇ ಅರ್ಥ.

ಕಾಕಾ ಹೋಗಿ ಎರಡು ವರ್ಷವಾಯಿತು. ಹೋದದ್ದು ಬುಧವಾರ. ಸೋಮವಾರವಾಗಿದ್ದರೆ ಕತೆಗೆ ಚೆಂದ ಒಪ್ಪುತ್ತಿತ್ತು, ಆದರೆ ಸಾವು ನಮ್ಮನ್ನು ಕೇಳಿ ಬರುವುದಿಲ್ಲ. ಅವರನ್ನು ಮಣ್ಣು ಮಾಡಲು ಹೋಗಿದ್ದ ನನ್ನ ಕೈಗೆ ಕಾಕು ಈ ತಂಬಿಗೆ ಇಟ್ಟರು. “ನನಗ ಇದು ಬರೇ ತಂಬಿಗಿ. ನೀ ಒಯ್ಯಿ,” ಎಂದರು.

ನಾನೀಗಲೂ ಎತ್ತುತ್ತೇನೆ. ಶಾಲೆಯ ನೌಕರಿ, ಮನೆ, ನಲವತ್ತರ ಹತ್ತಿರದ ಮೈ. ಸೋಮವಾರ ಮಾತ್ರ ರಾಡು ಮುಟ್ಟುವುದಿಲ್ಲ. ಎಷ್ಟು ಮಲಗಿದೆ, ಎಷ್ಟು ದಣಿದೆ ಎಂದು ಹೇಳುವ ಕೈಗಡಿಯಾರವೂ ಇದೆ. ಒಮ್ಮೆ ತಂಬಿಗೆ ಹಿಡಿದು ಫೋನಿನಲ್ಲಿ ವಿಡಿಯೊ ಮಾಡಿಯೂ ನೋಡಿದೆ. ನೀರು ಅಲುಗುವುದು ಕಂಡಿತು. ಎಷ್ಟು ಅಲುಗಿದರೆ ಯಾವ ದಣಿವು ಎಂಬುದು ಕಾಣಲಿಲ್ಲ. ಆ ಕಣ್ಣನ್ನು ಅವರು ಯಾರಿಗೂ ಬಿಟ್ಟು ಹೋಗಲಿಲ್ಲ, ಬಿಟ್ಟು ಹೋಗುವಂಥದೂ ಅಲ್ಲವೇನೋ...

ಮೊನ್ನೆ ಮಂಗಳವಾರವೇ ಆಗಿತ್ತು. ತಿಕ್ಕಿದ ತಂಬಿಗೆಗೆ ಕಂಠಮಟ ನೀರು ತುಂಬಿ, ಕೈ ಚಾಚಿ, ಹಿತ್ತಲ ಗೋಡೆ ನೋಡುತ್ತ ನಿಂತೆ. ಸಾಕು, ಇಳಸು ಎನ್ನುವ ದನಿಗಾಗಿ ಬಹಳ ಹೊತ್ತು ಕಾಯ್ದೆ. ಯಾರೂ ಅನ್ನಲಿಲ್ಲ. ಕೈ ಸೋತ ಮೇಲೆ ನಾನೇ ಇಳಿಸಿದೆ.